ಫಲಿತಾಂಶದ ನಂತರದ ಮೂರು ವಾರ: ಹೊಸ ಲೋಕಸಭೆ ರೂಪುಗೊಳ್ಳುವುದನ್ನು ಹಂತ ಹಂತವಾಗಿ ಗಮನಿಸುವ ಬಗೆ

ಲೋಕಸಭಾ ಚುನಾವಣೆಯ ಮತ ಎಣಿಕೆ ಮುಗಿದ ಸಂಜೆ ಹಾಸನದ ಎನ್.ಆರ್. ವೃತ್ತದಲ್ಲಿಯೋ ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತದಲ್ಲಿಯೋ ಪಟಾಕಿ ಸಿಡಿದ ಮೇಲೆ ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಚುನಾವಣೆ ಮುಗಿಯುತ್ತದೆ. ಆದರೆ ಆ ಸಂಜೆ ಇರುವುದು ಗೆದ್ದ ಅಭ್ಯರ್ಥಿಗಳಷ್ಟೆ. ಸದನ ಇನ್ನೂ ಹುಟ್ಟಿರುವುದಿಲ್ಲ. 2024ರಲ್ಲಿ ಜೂನ್ 4ರಂದು ಫಲಿತಾಂಶ ಬಂದಿತು, ಜೂನ್ 9ರಂದು ಪ್ರಧಾನಮಂತ್ರಿ ಪ್ರಮಾಣವಚನ ಸ್ವೀಕರಿಸಿದರು, ಜೂನ್ 24ರಂದು ಹೊಸ ಸದಸ್ಯರು ಮೊದಲ ಬಾರಿಗೆ ಸದನದಲ್ಲಿ ಸೇರಿದರು, ಜೂನ್ 26ರಂದು ಸ್ಪೀಕರ್ ಆಯ್ಕೆಯಾಯಿತು. ಈ ಮೂರು ವಾರಗಳ ಆಗುಹೋಗುಗಳನ್ನು ಸುದ್ದಿವಾಹಿನಿಗಳ ಗದ್ದಲದ ನಡುವೆಯೂ ಕ್ರಮವಾಗಿ ಗಮನಿಸಬೇಕೆನ್ನುವ ಮತದಾರರು, ಸಮಾಜ ವಿಜ್ಞಾನ ಕಲಿಸುವ ಶಿಕ್ಷಕರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಆರಂಭದಲ್ಲಿಯೇ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಂಡರೆ ಉಳಿದದ್ದು ಸುಲಭವಾಗುತ್ತದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗೆದ್ದ ಸದಸ್ಯರು ಅಧಿಕಾರಿಯೊಬ್ಬರ ಸಮ್ಮುಖದಲ್ಲಿ ಸಭೆ ಸೇರಿ ತಮ್ಮೊಳಗಿನಿಂದಲೇ ಅಧ್ಯಕ್ಷರನ್ನು ಚುನಾಯಿಸುತ್ತಾರೆ. ದೆಹಲಿಯಲ್ಲಿಯೂ ಹಾಗೆಯೇ ಸಂಸದರು ಸದನದಲ್ಲಿ ಮತ ಹಾಕಿ ಪ್ರಧಾನಮಂತ್ರಿಯನ್ನು ಆರಿಸುತ್ತಾರೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಲೋಕಸಭೆ ಮತ ಹಾಕಿ ಆರಿಸುವುದು ತನ್ನ ಸ್ಪೀಕರ್ ಮತ್ತು ಡೆಪ್ಯುಟಿ ಸ್ಪೀಕರ್ ಅವರನ್ನು ಮಾತ್ರ. ಪ್ರಧಾನಿಯನ್ನು ನೇಮಿಸುವವರು ರಾಷ್ಟ್ರಪತಿಗಳು, ಅದೂ ಸದನ ಒಮ್ಮೆಯೂ ಸೇರುವ ಮೊದಲೇ. ಅಂದರೆ ಬಹುಮತ ಇದೆಯೆಂಬ ನಂಬಿಕೆಯ ಮೇಲೆ ಸರ್ಕಾರ ಮೊದಲು ರಚನೆಯಾಗುತ್ತದೆ, ಆ ನಂಬಿಕೆ ನಿಜವೇ ಎಂಬುದನ್ನು ಸದನ ಆಮೇಲೆ ಪರೀಕ್ಷಿಸುತ್ತದೆ. ಮುಂದಿನ ಹಂತಗಳನ್ನೆಲ್ಲ ಈ ಅನುಕ್ರಮವನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಮೊದಲ ಹಂತ: ನಿಮ್ಮ ಕ್ಷೇತ್ರ ಮತ್ತು ಗೆಲುವಿನ ಕಾಗದ

ನೀವು ಯಾವ ಲೋಕಸಭಾ ಕ್ಷೇತ್ರಕ್ಕೆ ಸೇರಿದವರು ಎಂಬುದನ್ನು ಜಿಲ್ಲೆಯ ಹೆಸರಿನಿಂದ ಊಹಿಸಬೇಡಿ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಅಲ್ಲಿನ ಮತದಾರರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತಾರೆ. ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಸಕಲೇಶಪುರ ಅದೇ ಕ್ಷೇತ್ರದ ಉಳಿದ ಏಳು ವಿಧಾನಸಭಾ ಭಾಗಗಳು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು ಮತ್ತು ತರೀಕೆರೆ ಘಟ್ಟದ ಕೆಳಗಿನ ಕುಂದಾಪುರ, ಉಡುಪಿ, ಕಾಪು ಹಾಗೂ ಕಾರ್ಕಳದೊಂದಿಗೆ ಸೇರಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರವಾಗಿವೆ. ಆದ್ದರಿಂದ ಮೂಡಿಗೆರೆಯ ಮತದಾರನ ಪಾಲಿಗೆ ಫಲಿತಾಂಶ ಘೋಷಿಸುವ ಚುನಾವಣಾಧಿಕಾರಿ ಉಡುಪಿಯ ಜಿಲ್ಲಾಧಿಕಾರಿಯೇ ಹೊರತು ಚಿಕ್ಕಮಗಳೂರಿನವರಲ್ಲ.

ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಗೆದ್ದವರಿಗೆ ಆಯ್ಕೆಯ ಪ್ರಮಾಣಪತ್ರ ನೀಡುತ್ತಾರೆ; ಇದು ನಮೂನೆ 22ರಲ್ಲಿರುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಅಭ್ಯರ್ಥಿ ಎರಡು ಕೈಯಲ್ಲಿ ಹಿಡಿದು ನಿಂತಿರುವ ಕಾಗದ ಅದೇ. ನಮ್ಮನಿಮ್ಮಂಥವರಿಗೆ ಅದಕ್ಕಿಂತ ಉಪಯುಕ್ತವಾದದ್ದು ನಮೂನೆ 20. ಪ್ರತಿಯೊಂದು ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಬಿದ್ದಿತೆಂಬ ಲೆಕ್ಕ ಅದರಲ್ಲಿರುತ್ತದೆ. ಸಾಲುಗಳ ಉದ್ದಕ್ಕೂ ಅಂಕಿಗಳೇ ತುಂಬಿರುವ ಆ ಹಾಳೆಯಲ್ಲಿ ನಿಮ್ಮ ಮತಗಟ್ಟೆಯ ಸಂಖ್ಯೆಯನ್ನು ಹುಡುಕಿಕೊಂಡರೆ, ನಮ್ಮೂರು ಯಾರ ಕಡೆಗಿತ್ತು ಎಂಬ ಜಗಲಿಯ ವಾದ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಹಂತ: ಅಧಿಸೂಚನೆ

ಎಲ್ಲ ಕ್ಷೇತ್ರಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಚುನಾವಣಾ ಆಯೋಗವು 1951ರ ಜನಪ್ರತಿನಿಧಿ ಕಾಯ್ದೆಯ 73ನೇ ಪ್ರಕರಣದಡಿ ಗೆದ್ದವರ ಹೆಸರುಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಈ ಅಧಿಸೂಚನೆ ಹೊರಬಿದ್ದ ಕ್ಷಣದಿಂದ ಸದನವು ಕಾನೂನಿನ ಕಣ್ಣಿನಲ್ಲಿ ವಿಧಿವತ್ತಾಗಿ ರಚನೆಯಾದಂತೆ. 2024ರಲ್ಲಿ ಜೂನ್ 5ರಂದು ಸಚಿವ ಸಂಪುಟದ ಸಲಹೆಯಂತೆ ರಾಷ್ಟ್ರಪತಿಗಳು 17ನೇ ಲೋಕಸಭೆಯನ್ನು ವಿಸರ್ಜಿಸಿದರು. ಮರುದಿನ ಚುನಾವಣಾ ಆಯುಕ್ತರು ಅವರನ್ನು ಭೇಟಿಯಾಗಿ ಹೊಸ ಸದಸ್ಯರ ಪಟ್ಟಿಯನ್ನು ಒಪ್ಪಿಸಿದರು. ಲೋಕಸಭೆಯ ಐದು ವರ್ಷದ ಅವಧಿಯನ್ನು ಮಾತ್ರ ಈ ದಿನದಿಂದ ಎಣಿಸುವುದಿಲ್ಲ. ಸಂವಿಧಾನದ 83ನೇ ವಿಧಿಯ ಪ್ರಕಾರ ಆ ಲೆಕ್ಕ ಶುರುವಾಗುವುದು ಸದನದ ಮೊದಲ ಸಭೆಗೆ ಗೊತ್ತುಪಡಿಸಿದ ದಿನಾಂಕದಿಂದ.

ಇಲ್ಲಿ ಕರ್ನಾಟಕದವರು ಗಮನಿಸಬೇಕಾದ ಇನ್ನೊಂದು ಗಡುವಿದೆ. ವಿಧಾನಸಭೆ ಅಥವಾ ವಿಧಾನ ಪರಿಷತ್ತಿನ ಸದಸ್ಯರಾಗಿದ್ದುಕೊಂಡೇ ಲೋಕಸಭೆಗೆ ಗೆದ್ದವರು, ಆಯ್ಕೆಯ ಪ್ರಕಟಣೆಯಾದ 14 ದಿನಗಳೊಳಗೆ ರಾಜ್ಯದ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು. ಕೊಡದಿದ್ದರೆ ಕಳೆದುಕೊಳ್ಳುವುದು ಲೋಕಸಭೆಯ ಸ್ಥಾನವನ್ನು. ಉಡುಪಿ-ಚಿಕ್ಕಮಗಳೂರಿನಿಂದ 2024ರಲ್ಲಿ ಗೆದ್ದ ಕೋಟ ಶ್ರೀನಿವಾಸ ಪೂಜಾರಿಯವರು ವಿಧಾನ ಪರಿಷತ್ತಿಗೆ ರಾಜೀನಾಮೆ ನೀಡಿದ್ದು ಈ ನಿಯಮದ ಕಾರಣಕ್ಕೆ. ಬಸವರಾಜ ಬೊಮ್ಮಾಯಿ, ಎಚ್.ಡಿ. ಕುಮಾರಸ್ವಾಮಿ ಮತ್ತು ಇ. ತುಕಾರಾಂ ಅವರು ಶಾಸಕ ಸ್ಥಾನ ಬಿಟ್ಟಿದ್ದರಿಂದ ಅದೇ ವರ್ಷದ ನವೆಂಬರಿನಲ್ಲಿ ಶಿಗ್ಗಾವಿ, ಚನ್ನಪಟ್ಟಣ ಮತ್ತು ಸಂಡೂರಿನಲ್ಲಿ ಉಪಚುನಾವಣೆಗಳು ನಡೆದವು. ಲೋಕಸಭೆಯ ಫಲಿತಾಂಶದ ಬೆನ್ನಿಗೇ ರಾಜ್ಯದಲ್ಲಿ ಎಲ್ಲೆಲ್ಲಿ ಉಪಚುನಾವಣೆ ಬರಲಿದೆಯೆಂದು ತಿಳಿಯಬೇಕಾದವರು ಗೆದ್ದವರ ಪಟ್ಟಿಯಲ್ಲಿ ಶಾಸಕರು ಎಷ್ಟು ಮಂದಿ ಎಂದು ನೋಡಿದರೆ ಸಾಕು.

ಮೂರನೆಯ ಹಂತ: ಪ್ರಧಾನಮಂತ್ರಿಯ ನೇಮಕ

ಲೋಕಸಭೆಯಲ್ಲಿ 543 ಸ್ಥಾನಗಳಿವೆ. ಸ್ಪಷ್ಟ ಬಹುಮತಕ್ಕೆ 272 ಬೇಕು. ಒಂದೇ ಪಕ್ಷ ಈ ಗೆರೆ ದಾಟಿದರೆ ಈ ಹಂತದಲ್ಲಿ ನೋಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಆ ಪಕ್ಷದ ಸಂಸದರು ಸಭೆ ಸೇರಿ ತಮ್ಮ ಸಂಸದೀಯ ಪಕ್ಷದ ನಾಯಕರನ್ನು ಆರಿಸುತ್ತಾರೆ, ರಾಷ್ಟ್ರಪತಿಗಳು ಅವರನ್ನು ಸರ್ಕಾರ ರಚನೆಗೆ ಆಹ್ವಾನಿಸುತ್ತಾರೆ. ಯಾರೂ ಗೆರೆ ದಾಟದಿದ್ದಾಗ ಮಿತ್ರಪಕ್ಷಗಳ ಬೆಂಬಲ ಪತ್ರಗಳಿಗೆ ಬೆಲೆ ಬರುತ್ತದೆ. 2024ರಲ್ಲಿ ಬಿಜೆಪಿಗೆ 240 ಸ್ಥಾನಗಳು ಬಂದಿದ್ದವು. ಮೈತ್ರಿಕೂಟದ ಒಟ್ಟು ಬಲ 293 ಆದ್ದರಿಂದ ನರೇಂದ್ರ ಮೋದಿಯವರನ್ನು ಜೂನ್ 7ರಂದು ಮೈತ್ರಿಕೂಟದ ಸಂಸದರು ಸೇರಿ ನಾಯಕರನ್ನಾಗಿ ಆರಿಸಿದರು.

ಸಂವಿಧಾನದ 75ನೇ ವಿಧಿ ಪ್ರಧಾನಿಯನ್ನು ರಾಷ್ಟ್ರಪತಿಗಳು ನೇಮಿಸತಕ್ಕದ್ದು ಎನ್ನುತ್ತದೆಯೇ ವಿನಾ ಯಾರನ್ನು ಮೊದಲು ಕರೆಯಬೇಕೆಂದು ಹೇಳುವುದಿಲ್ಲ. ಆ ಮೌನದಲ್ಲಿ ಎಷ್ಟು ರಾಜಕೀಯ ಅಡಗಿದೆ ಎಂಬುದನ್ನು ಹಾಸನ ಜಿಲ್ಲೆಯವರು ಬೇರೆ ಯಾರಿಗಿಂತಲೂ ಚೆನ್ನಾಗಿ ಬಲ್ಲರು, ಏಕೆಂದರೆ 1996ರ ಉದಾಹರಣೆ ಮನೆಯಂಗಳದ್ದು. ಆ ವರ್ಷ ಯಾರಿಗೂ ಬಹುಮತವಿರಲಿಲ್ಲ. 161 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾಗಿದ್ದ ಬಿಜೆಪಿಯ ನಾಯಕ ಅಟಲ್ ಬಿಹಾರಿ ವಾಜಪೇಯಿ ಅವರನ್ನು ರಾಷ್ಟ್ರಪತಿ ಶಂಕರ ದಯಾಳ ಶರ್ಮ ಅವರು ಆಹ್ವಾನಿಸಿದರು. ಮೇ 16ರಂದು ಅಧಿಕಾರ ವಹಿಸಿಕೊಂಡ ವಾಜಪೇಯಿಯವರು ಬೇಕಾದಷ್ಟು ಬೆಂಬಲ ಕೂಡಿಬಾರದೆ, ವಿಶ್ವಾಸಮತದ ಚರ್ಚೆಗೆ ಉತ್ತರ ಹೇಳಿ, ಮತಕ್ಕೆ ಹಾಕುವ ಮೊದಲೇ ಮೇ 28ರಂದು ರಾಜೀನಾಮೆ ನೀಡಿದರು. ಆಗ ಸಂಯುಕ್ತ ರಂಗವು ಕಾಂಗ್ರೆಸ್ಸಿನ ಹೊರಗಿನ ಬೆಂಬಲದೊಂದಿಗೆ ಮುಂದಿಟ್ಟ ಹೆಸರು ಎಚ್.ಡಿ. ದೇವೇಗೌಡರದು. ಜೂನ್ 1ರಂದು ಅವರು ಪ್ರಧಾನಿಯಾದರು.

ದೇವೇಗೌಡರು ಅಂದು ಕರ್ನಾಟಕದ ಮುಖ್ಯಮಂತ್ರಿ. 1991ರಲ್ಲಿ ಹಾಸನದಿಂದ ಲೋಕಸಭೆಗೆ ಗೆದ್ದಿದ್ದರೂ 1996ರಲ್ಲಿ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಇದು ಹೇಗೆ ಸಾಧ್ಯವೆಂದು ಇಂದಿಗೂ ವಿದ್ಯಾರ್ಥಿಗಳು ಕೇಳುತ್ತಾರೆ. 75ನೇ ವಿಧಿಯ 5ನೇ ಖಂಡದ ಪ್ರಕಾರ ಸದಸ್ಯರಲ್ಲದವರೂ ಮಂತ್ರಿಯಾಗಬಹುದು. ಆದರೆ ಸತತ ಆರು ತಿಂಗಳು ಸದಸ್ಯರಾಗದೇ ಉಳಿದರೆ ಅಧಿಕಾರ ಹೋಗುತ್ತದೆ. ಪ್ರಧಾನಿಗೂ ಇದೇ ನಿಯಮ. ದೇವೇಗೌಡರು ಆ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿ ಗಡುವಿಗೆ ಸಾಕಷ್ಟು ಮೊದಲೇ ಕೊರತೆ ತುಂಬಿಕೊಂಡರು.

ಇದರಿಂದ ಹುಟ್ಟಿದ ಇನ್ನೊಂದು ವಿಶೇಷವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ರಾಜ್ಯಸಭೆಯ ಸದಸ್ಯರಾದ ಮಂತ್ರಿ ಲೋಕಸಭೆಯಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ಹೀಗಾಗಿ 1997ರ ಏಪ್ರಿಲ್ 11ರಂದು ದೇವೇಗೌಡರ ಸರ್ಕಾರದ ವಿಶ್ವಾಸಮತ ಲೋಕಸಭೆಯಲ್ಲಿ 158ಕ್ಕೆ 292 ಮತಗಳಿಂದ ಬಿದ್ದಾಗ, ಸ್ವತಃ ಪ್ರಧಾನಿಗೆ ಅಲ್ಲಿ ಮತವಿರಲಿಲ್ಲ. ಲೋಕಸಭೆಯಲ್ಲಿ ಸದನದ ನಾಯಕರಾಗಿಯೂ ಅವರ ಬದಲು ರಾಮ್ ವಿಲಾಸ್ ಪಾಸ್ವಾನ್ ಕಾರ್ಯನಿರ್ವಹಿಸಿದರು. ಪ್ರಧಾನಿ ಲೋಕಸಭೆಯ ಸದಸ್ಯರಾಗಿದ್ದರೆ ಮಾತ್ರ ಆ ಸ್ಥಾನ ತಾನಾಗಿಯೇ ಅವರದಾಗುತ್ತದೆ.

ಮಂತ್ರಿಗಳ ಸಂಖ್ಯೆಯ ವಿಷಯದಲ್ಲಿ ಒಂದು ಮಾತು ಸಾಕು. 2003ರ 91ನೇ ತಿದ್ದುಪಡಿಯ ನಂತರ ಪ್ರಧಾನಿಯೂ ಸೇರಿ ಮಂತ್ರಿಮಂಡಲವು ಲೋಕಸಭೆಯ ಸದಸ್ಯಬಲದ ಶೇಕಡಾ 15ನ್ನು ಮೀರುವಂತಿಲ್ಲ, ಅಂದರೆ ಈಗಿನ ಲೆಕ್ಕದಲ್ಲಿ 81 ಮಂದಿ.

ನಾಲ್ಕನೆಯ ಹಂತ: ಹಂಗಾಮಿ ಸ್ಪೀಕರ್ ಮತ್ತು ಸದಸ್ಯರ ಪ್ರಮಾಣ

ಸದನ ಸೇರುವ ದಿನವನ್ನು ರಾಷ್ಟ್ರಪತಿಗಳು ಸಂಪುಟದ ಸಲಹೆಯಂತೆ ಗೊತ್ತುಮಾಡುತ್ತಾರೆ. ಹಿಂದಿನ ಸ್ಪೀಕರ್ ಲೋಕಸಭೆ ವಿಸರ್ಜನೆಯಾದ ಕೂಡಲೇ ಹುದ್ದೆ ಬಿಡುವುದಿಲ್ಲ. ಹೊಸ ಸದನದ ಮೊದಲ ಸಭೆ ಆರಂಭವಾಗುವ ತುಸು ಮೊದಲಿನವರೆಗೂ ಅವರು ಹುದ್ದೆಯಲ್ಲಿರುತ್ತಾರೆ. ಆ ಕ್ಷಣದಿಂದ ಹೊಸ ಸ್ಪೀಕರ್ ಆಯ್ಕೆಯವರೆಗಿನ ತೆರವನ್ನು ತುಂಬುವವರೇ ಹಂಗಾಮಿ ಸ್ಪೀಕರ್. ರಾಷ್ಟ್ರಪತಿಗಳು ಅವರನ್ನು 95ನೇ ವಿಧಿಯಡಿ ನೇಮಿಸುತ್ತಾರೆ. ಹಿರಿಯ ಸದಸ್ಯರೊಬ್ಬರನ್ನು ನೇಮಿಸುವುದು ರೂಢಿ, ಸಂವಿಧಾನದ ಕಟ್ಟಳೆಯಲ್ಲ. 2024ರಲ್ಲಿ ಸತತವಾಗಿ ಏಳು ಬಾರಿ ಗೆದ್ದಿದ್ದ ಭರ್ತೃಹರಿ ಮಹತಾಬ್ ಅವರನ್ನು ನೇಮಿಸಿದಾಗ, ನಡುವೆ ಸೋತಿದ್ದರೂ ಒಟ್ಟು ಎಂಟು ಬಾರಿ ಗೆದ್ದಿದ್ದ ಕೆ. ಸುರೇಶ್ ಅವರೇ ಹಿರಿಯರೆಂದು ವಿರೋಧ ಪಕ್ಷಗಳು ತಕರಾರು ತೆಗೆದವು. ರೂಢಿಯನ್ನು ಯಾರೂ ಅಕ್ಷರದಲ್ಲಿ ಬರೆದಿಡದಿದ್ದರೆ ಇಂಥ ತಕರಾರು ಬಂದೇ ಬರುತ್ತದೆ.

ಮೊದಲ ಎರಡು ದಿನಗಳು ಬಹುತೇಕ ಪ್ರಮಾಣವಚನಕ್ಕೇ ಮೀಸಲು. ಪ್ರಧಾನಿ ಮತ್ತು ಮಂತ್ರಿಗಳ ನಂತರ ರಾಜ್ಯವಾರು ಸದಸ್ಯರ ಹೆಸರು ಕರೆಯುತ್ತಾರೆ. ದೂರದರ್ಶನದ ಮುಂದೆ ಕುಳಿತವರು ಇಲ್ಲಿ ಎರಡು ಅಂಶಗಳನ್ನು ಗಮನಿಸಬಹುದು: ಸದಸ್ಯರು ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರೋ ಸತ್ಯನಿಷ್ಠೆಯ ಹೆಸರಿನಲ್ಲೋ ಎಂಬುದು ಒಂದು, ಯಾವ ಭಾಷೆಯಲ್ಲಿ ಎಂಬುದು ಇನ್ನೊಂದು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿಯಾದರೂ ಪ್ರಮಾಣ ಸ್ವೀಕರಿಸಬಹುದಾದ್ದರಿಂದ ನಮ್ಮ 28 ಸಂಸದರಿಗೆ ಕನ್ನಡದ ದಾರಿ ತೆರೆದೇ ಇದೆ. ಪ್ರಮಾಣ ಮಾಡಿ ಸದಸ್ಯರ ಪಟ್ಟಿಯಲ್ಲಿ ಸಹಿ ಹಾಕುವವರೆಗೆ ಸಂಸದರು ಸದನದಲ್ಲಿ ಕುಳಿತು ಮತ ಹಾಕುವಂತಿಲ್ಲ. ಹಾಗೆ ಮಾಡಿದರೆ 104ನೇ ವಿಧಿಯ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. ದಂಡದ ಮೊತ್ತ ನಗು ತರಿಸಿದರೂ ಸ್ಪೀಕರ್ ಚುನಾವಣೆ ಬಿಗಿಯಾಗಿದ್ದಾಗ ಈ ನಿಯಮ ಸಣ್ಣದಲ್ಲ, ಏಕೆಂದರೆ ಅಷ್ಟರೊಳಗೆ ಪ್ರಮಾಣ ಮಾಡದವರ ಮತ ಲೆಕ್ಕಕ್ಕೆ ಬರುವುದಿಲ್ಲ.

ಐದನೆಯ ಹಂತ: ಸ್ಪೀಕರ್ ಆಯ್ಕೆ

ಇಡೀ ಪ್ರಕ್ರಿಯೆಯಲ್ಲಿ ಸದನ ತಾನೇ ಕೈಗೊಳ್ಳುವ ಮೊದಲ ನಿರ್ಧಾರ ಇದು. ಸಮಯವಿಲ್ಲದವರು ಬೇರೆಲ್ಲವನ್ನೂ ಬಿಟ್ಟು ಇದೊಂದನ್ನು ನೋಡಿದರೂ ಸಾಕೆಂಬುದು ನನ್ನ ಅಭಿಪ್ರಾಯ. ಚುನಾವಣೆಯ ದಿನಾಂಕವನ್ನು ರಾಷ್ಟ್ರಪತಿಗಳು ಗೊತ್ತುಮಾಡುತ್ತಾರೆ. ಅದರ ಹಿಂದಿನ ದಿನ ಮಧ್ಯಾಹ್ನ 12 ಗಂಟೆಯೊಳಗೆ ಸದಸ್ಯರೊಬ್ಬರು ಇನ್ನೊಬ್ಬರ ಹೆಸರನ್ನು ಸೂಚಿಸುವ ಪ್ರಸ್ತಾವದ ಸೂಚನೆಯನ್ನು ಲೋಕಸಭೆಯ ಮಹಾಕಾರ್ಯದರ್ಶಿಗಳಿಗೆ ಬರವಣಿಗೆಯಲ್ಲಿ ಕೊಡಬೇಕು. ಮೂರನೆಯ ಸದಸ್ಯರೊಬ್ಬರು ಅದನ್ನು ಅನುಮೋದಿಸಿರಬೇಕು. ಆಯ್ಕೆಯಾದರೆ ಸೇವೆ ಸಲ್ಲಿಸಲು ತಾನು ಸಿದ್ಧನೆಂಬ ಅಭ್ಯರ್ಥಿಯ ಹೇಳಿಕೆಯೂ ಜೊತೆಗಿರಬೇಕು. ತನ್ನ ಹೆಸರನ್ನು ತಾನೇ ಸೂಚಿಸುವಂತಿಲ್ಲ, ಅನುಮೋದಿಸುವಂತೆಯೂ ಇಲ್ಲ. ಆದ್ದರಿಂದ ಹಿಂದಿನ ದಿನ ಮಧ್ಯಾಹ್ನದ ಸುದ್ದಿಯನ್ನು ಕೇಳಿದವರಿಗೆ ಪೈಪೋಟಿ ಇದೆಯೋ ಇಲ್ಲವೋ ಎಂಬುದು ಆಗಲೇ ಗೊತ್ತಾಗಿರುತ್ತದೆ.

ಸದನದಲ್ಲಿ ಪ್ರಸ್ತಾವಗಳನ್ನು ಮಂಡನೆಯಾದ ಕ್ರಮದಲ್ಲೇ ಒಂದೊಂದಾಗಿ ಮತಕ್ಕೆ ಹಾಕಲಾಗುತ್ತದೆ. ಎಲ್ಲ ಅಭ್ಯರ್ಥಿಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ಹೆಚ್ಚು ಮತ ಯಾರಿಗೆಂದು ಎಣಿಸುವ ಪದ್ಧತಿ ಇಲ್ಲಿಲ್ಲ. ಮೊದಲ ಪ್ರಸ್ತಾವ ಅಂಗೀಕಾರವಾಯಿತೆಂದರೆ ಉಳಿದವುಗಳನ್ನು ಮತಕ್ಕೇ ಹಾಕುವುದಿಲ್ಲ. ಮೊದಲು ಧ್ವನಿಮತ, ಅದನ್ನು ಯಾರಾದರೂ ಪ್ರಶ್ನಿಸಿ ಪಟ್ಟು ಹಿಡಿದರೆ ಮತ ವಿಭಜನೆ, ಅಂದರೆ ಪರ-ವಿರೋಧ ಮತಗಳ ಎಣಿಕೆ. 2024ರ ಜೂನ್ 26ರಂದು ಓಂ ಬಿರ್ಲಾ ಅವರ ಹೆಸರನ್ನು ಪ್ರಧಾನಿ ಸೂಚಿಸಿದರು, ವಿರೋಧ ಪಕ್ಷಗಳು ಕೆ. ಸುರೇಶ್ ಅವರನ್ನು ಕಣಕ್ಕಿಳಿಸಿದವು. ಆದರೆ ವಿರೋಧ ಪಕ್ಷಗಳು ಮತ ವಿಭಜನೆಗೆ ಒತ್ತಾಯಿಸಲಿಲ್ಲವಾದ್ದರಿಂದ ಧ್ವನಿಮತದಲ್ಲೇ ಬಿರ್ಲಾ ಆಯ್ಕೆಯಾದರು. ಆಮೇಲೆ ಪ್ರಧಾನಿಯೂ ವಿರೋಧ ಪಕ್ಷದ ನಾಯಕರೂ ಹೊಸ ಸ್ಪೀಕರ್ ಅವರನ್ನು ಪೀಠದವರೆಗೆ ಕರೆದೊಯ್ದರು. ಸ್ಪೀಕರ್ ಹುದ್ದೆಗೆಂದು ಪ್ರತ್ಯೇಕ ಪ್ರಮಾಣವಚನವಿಲ್ಲ. ಸದಸ್ಯರಾಗಿ ಮಾಡಿದ ಪ್ರಮಾಣವೇ ಸಾಕು.

ಅಲ್ಪಮತದ ಸರ್ಕಾರ ಇರುವಾಗ ಈ ಚುನಾವಣೆಯೇ ಮೊದಲ ಬಲಾಬಲ. 1996ರ ಮೇ 23ರಂದು, ಅಂದರೆ ವಾಜಪೇಯಿಯವರು ಪ್ರಧಾನಿಯಾಗಿದ್ದ ಹದಿಮೂರು ದಿನಗಳ ಒಳಗೇ, ಕಾಂಗ್ರೆಸ್ಸಿನ ಪಿ.ಎ. ಸಂಗ್ಮಾ ಅವರು ಅವಿರೋಧವಾಗಿ ಸ್ಪೀಕರ್ ಆದರು. ಆಳುವ ಪಕ್ಷ ತನ್ನವರೊಬ್ಬರನ್ನು ಆ ಪೀಠದಲ್ಲಿ ಕೂರಿಸಲಾರದ ಸ್ಥಿತಿಯಲ್ಲಿತ್ತು ಎಂಬುದೇ ಮುಂದಿನ ವಾರದ ಫಲಿತಾಂಶದ ಮುನ್ಸೂಚನೆಯಾಗಿತ್ತು.

ಸ್ಪೀಕರ್ ಪೀಠದ ತೂಕ ಎಷ್ಟೆಂದು ತಿಳಿಯಲು ಚಿಕ್ಕಮಗಳೂರಿನ ಚರಿತ್ರೆಯನ್ನೇ ತೆರೆಯಬಹುದು. 1978ರ ನವೆಂಬರಿನ ಉಪಚುನಾವಣೆಯಲ್ಲಿ, ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ವಿರುದ್ಧ ಗೆದ್ದು ಲೋಕಸಭೆ ಪ್ರವೇಶಿಸಿದರು. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಕಾರಣಕ್ಕೆ ಸದನ ಅವರನ್ನು ಉಚ್ಚಾಟಿಸಿತು. ಆಗ ಸ್ಪೀಕರ್ ಆಗಿದ್ದವರು ಸುಪ್ರೀಂ ಕೋರ್ಟಿನ ಮಾಜಿ ನ್ಯಾಯಮೂರ್ತಿ, ಕಾರ್ಕಳ ತಾಲ್ಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರು. ಆ ಕಾರ್ಕಳವೂ ಈ ಚಿಕ್ಕಮಗಳೂರೂ ಇಂದು ಒಂದೇ ಲೋಕಸಭಾ ಕ್ಷೇತ್ರದಲ್ಲಿವೆ.

ಆರನೆಯ ಹಂತ: ಉಳಿದ ಹುದ್ದೆಗಳು, ರಾಷ್ಟ್ರಪತಿಗಳ ಭಾಷಣ

ಡೆಪ್ಯುಟಿ ಸ್ಪೀಕರ್ ಚುನಾವಣೆಯ ದಿನಾಂಕವನ್ನು ಸ್ಪೀಕರ್ ಅವರೇ ಗೊತ್ತುಮಾಡುತ್ತಾರೆ. 93ನೇ ವಿಧಿ ಆದಷ್ಟು ಬೇಗ ಆರಿಸಬೇಕೆನ್ನುತ್ತದೆ, ಎಷ್ಟು ದಿನದೊಳಗೆ ಎನ್ನುವುದಿಲ್ಲ. ಪರಿಣಾಮವಾಗಿ 17ನೇ ಲೋಕಸಭೆ ತನ್ನ ಇಡೀ ಅವಧಿಯನ್ನು ಡೆಪ್ಯುಟಿ ಸ್ಪೀಕರ್ ಇಲ್ಲದೆಯೇ ಕಳೆಯಿತು. ಸಂವಿಧಾನವೇ ಹೆಸರಿಸಿದ ಹುದ್ದೆಯೊಂದನ್ನು ಐದು ವರ್ಷ ಖಾಲಿ ಬಿಡುವುದು ಸರಿಯೆಂದು ನನಗೆ ತೋರುವುದಿಲ್ಲ.

ವಿರೋಧ ಪಕ್ಷದ ನಾಯಕರನ್ನು ಸದನ ಚುನಾಯಿಸುವುದಿಲ್ಲ. 1977ರ ಕಾಯ್ದೆಯ ಪ್ರಕಾರ ಅತಿ ಹೆಚ್ಚು ಸದಸ್ಯರಿರುವ ವಿರೋಧ ಪಕ್ಷದ ನಾಯಕರಿಗೆ ಸ್ಪೀಕರ್ ಮಾನ್ಯತೆ ನೀಡುತ್ತಾರೆ. ಕನಿಷ್ಠ ಹತ್ತನೇ ಒಂದು ಭಾಗ, ಅಂದರೆ 55 ಸದಸ್ಯರಿರಬೇಕೆಂಬ ರೂಢಿಯಿಂದಾಗಿ 2014ರಲ್ಲಿ 44 ಸ್ಥಾನ ಗೆದ್ದಿದ್ದ ಕಾಂಗ್ರೆಸ್ಸಿಗೆ ಅದು ಸಿಗಲಿಲ್ಲ. ಆ ಐದು ವರ್ಷ ಮಲ್ಲಿಕಾರ್ಜುನ ಖರ್ಗೆಯವರು ಲೋಕಸಭೆಯಲ್ಲಿ ತಮ್ಮ ಪಕ್ಷದ ನಾಯಕರಾಗಿದ್ದರೇ ಹೊರತು ಅಧಿಕೃತ ವಿರೋಧ ಪಕ್ಷದ ನಾಯಕರಾಗಿರಲಿಲ್ಲ. 2024ರಲ್ಲಿ 99 ಸ್ಥಾನ ಬಂದ ಮೇಲೆ ರಾಹುಲ್ ಗಾಂಧಿಯವರಿಗೆ ಮಾನ್ಯತೆ ದೊರೆಯಿತು.

ಸ್ಪೀಕರ್ ಆಯ್ಕೆಯ ಬಳಿಕ, 87ನೇ ವಿಧಿಯಂತೆ, ರಾಷ್ಟ್ರಪತಿಗಳು ಎರಡೂ ಸದನಗಳನ್ನು ಒಟ್ಟಿಗೆ ಉದ್ದೇಶಿಸಿ ಮಾತನಾಡುತ್ತಾರೆ. ಆ ಭಾಷಣ ಸರ್ಕಾರದ ನೀತಿಯ ಹೇಳಿಕೆ. ಅದಕ್ಕೆ ವಂದನೆ ಸಲ್ಲಿಸುವ ನಿರ್ಣಯ ಲೋಕಸಭೆಯಲ್ಲಿ ಬಿದ್ದರೆ ಸರ್ಕಾರವೇ ಸೋತಂತೆ. ಪ್ರತ್ಯೇಕ ವಿಶ್ವಾಸಮತ ಪ್ರತಿ ಬಾರಿಯೂ ನಡೆಯುವುದಿಲ್ಲ. ಬಹುಮತದ ಬಗ್ಗೆ ಅನುಮಾನವಿದ್ದಾಗ ರಾಷ್ಟ್ರಪತಿಗಳು ಕೇಳುತ್ತಾರೆ, ಅಥವಾ ಸರ್ಕಾರವೇ ಮುಂದಾಗಿ ಮಂಡಿಸುತ್ತದೆ.

ಗಮನಿಸುವುದು ಎಲ್ಲಿ?

ಕಲಾಪವನ್ನು ಸಂಸದ್ ಟಿವಿಯಲ್ಲಿ ನೇರವಾಗಿ ನೋಡಬಹುದು. ಅದಕ್ಕೂ ಮೊದಲು ಲೋಕಸಭೆಯ ಜಾಲತಾಣದಲ್ಲಿ ಆಯಾ ದಿನದ ಕಾರ್ಯಕಲಾಪ ಪಟ್ಟಿಯನ್ನು ತೆರೆದಿಟ್ಟುಕೊಂಡರೆ ಮುಂದೇನು ಬರಲಿದೆಯೆಂದು ತಿಳಿಯುತ್ತದೆ. ನಡೆದದ್ದರ ಸಂಕ್ಷಿಪ್ತ ದಾಖಲೆ ಬುಲೆಟಿನ್‌ನ ಭಾಗ 1ರಲ್ಲಿ, ಸದಸ್ಯರಿಗೆ ನೀಡುವ ಸೂಚನೆಗಳು ಭಾಗ 2ರಲ್ಲಿ ಸಿಗುತ್ತವೆ. ಶಾಲೆಯಲ್ಲಿ ಅಣಕು ಸಂಸತ್ತು ನಡೆಸುವ ಶಿಕ್ಷಕರು ಸ್ಪೀಕರ್ ಚುನಾವಣೆಯ ದಿನದ ಪಟ್ಟಿಯನ್ನು ಮುದ್ರಿಸಿಕೊಂಡರೆ ಸೂಚಕರು, ಅನುಮೋದಕರು ಮತ್ತು ಅಭ್ಯರ್ಥಿಯ ಹೆಸರುಗಳಿರುವ ಪ್ರಸ್ತಾವಗಳ ಮಾದರಿ ಸಿದ್ಧವಾಗಿಯೇ ದೊರೆಯುತ್ತದೆ.

ಸದನ ಪೂರ್ತಿ ರೂಪುಗೊಳ್ಳಲು ಇನ್ನೂ ಕೆಲವು ತಿಂಗಳು ಬೇಕು. ಇಲಾಖೆಗಳಿಗೆ ಸಂಬಂಧಿಸಿದ 24 ಸ್ಥಾಯಿ ಸಮಿತಿಗಳು 2024ರಲ್ಲಿ ರಚನೆಯಾದದ್ದು ಸೆಪ್ಟೆಂಬರಿನ ಕೊನೆಗೆ. ಪ್ರತಿಯೊಂದರಲ್ಲಿ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ಕಾಫಿ ಮಂಡಳಿ ವಾಣಿಜ್ಯ ಸಚಿವಾಲಯದ ಅಡಿಯಲ್ಲಿರುವುದರಿಂದ ಸಕಲೇಶಪುರ ಮತ್ತು ಮೂಡಿಗೆರೆಯ ಬೆಳೆಗಾರರಿಗೆ ವಾಣಿಜ್ಯ ಸಮಿತಿಯೂ, ಕಾಡಾನೆಯ ಹಾವಳಿಯಲ್ಲಿ ಬದುಕುತ್ತಿರುವ ಆಲೂರು ಭಾಗದವರಿಗೆ ಪರಿಸರ ಮತ್ತು ಅರಣ್ಯವನ್ನು ನೋಡಿಕೊಳ್ಳುವ ಸಮಿತಿಯೂ ಮುಖ್ಯ. ಪಟ್ಟಿ ಪ್ರಕಟವಾದಾಗ ನಿಮ್ಮ ಸಂಸದರ ಹೆಸರು ಯಾವುದರಲ್ಲಿದೆ ಎಂದು ನೋಡಿ, ಮನವಿ ಬರೆಯುವಾಗ ಆ ಸಮಿತಿಯ ವಿಷಯಕ್ಕೇ ತಗುಲುವಂತೆ ಬರೆಯಿರಿ.